ಸೂಳೆಕೆರೆಯ ಸಾಕ್ಷಿಗಳು

ನಮ್ಮ ತ್ಯಾವಣಿಗೆ ಕಡೆ ಸೂಳೆಕೆರೆಯ ಕಥೆಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಸ್ವರ್ಗಾವತಿಯ ಅರಸನ ಮಗಳು ಶಾಂತವ್ವ ಸಿದ್ಧೇಶ್ವರನನ್ನು ಕೂಡಿ, ಅದರ ಪ್ರಾಯಶ್ಚಿತ್ತಕ್ಕೆ ಕೆರೆ ಕಟ್ಟಿಸಿದಳಂತೆ. ಊರು ಮುಳುಗಿದ ಸಿಟ್ಟಿಗೆ ತಂದೆಯೇ ಅವಳನ್ನು ಸೂಳೆಯೆಂದು ಶಪಿಸಿದನಂತೆ. ಇನ್ನೊಂದು ಕಥೆಯಲ್ಲಿ ಶಾಪವಿಲ್ಲ, ಕರಾರು ಇದೆ. ನೆಲ ಸೂಳೆಯರದು, ಕೆರೆಗೆ ನಮ್ಮ ಹೆಸರಿಟ್ಟರೆ ಕೊಡುತ್ತೇವೆ ಎಂದರು, ಶಾಂತವ್ವ ಒಪ್ಪಿದಳು.

ಯಾವುದನ್ನು ನಂಬುವುದು? ಲೂಯಿ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ಶಾಪದ ಕಥೆಯೇ ಇದೆ. ಅಚ್ಚಾದ ಮಾತಿಗೆ ನಾವು ಬೇಗ ತಲೆಬಾಗುತ್ತೇವೆ. ಆದರೆ ರೈಸರೂ ಜನ ಹೇಳಿದ್ದನ್ನೇ ಬರೆದುಕೊಂಡವರು. ಅಜ್ಜಿಯೂ ಗೆಜೆಟಿಯರೂ ಒಂದೇ ಹೇಳಿದರೆ ಸಾಕ್ಷಿ ಎರಡಾಗುವುದಿಲ್ಲ. ಒಂದೇ ಬಾವಿಯ ನೀರು ಎರಡು ಕೊಡದಲ್ಲಿ ಬಂದಂತೆ. ಕೆರೆಯ ಬಳಿ ಸಿದ್ಧೇಶ್ವರನ ಗುಡಿ ಇದೆ, ಸಿದ್ಧನಾಲೆ, ಬಸವನಾಲೆ ಎಂಬ ಕಾಲುವೆಗಳಿವೆ. ಇವು ಕಥೆಗೆ ಪುರಾವೆಯೋ, ಇವನ್ನು ಕಂಡೇ ಕಥೆ ಹುಟ್ಟಿತೋ!

ಸುಳ್ಳು ಹೇಳದ ಸಾಕ್ಷಿ ಏರಿಯೊಂದೇ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ನುಗ್ಗುವ ಕಂಡಿಯನ್ನು ಹುಡುಕಿ, ಅಲ್ಲಿ ಉದ್ದವಿಲ್ಲದ, ಭಾರೀ ದಪ್ಪದ ಏರಿ ಹಾಕಿದ್ದಾರೆ. ಹಿಂದೆ ನಿಂತ ನೀರಿನ ಸುತ್ತಳತೆ ನಲವತ್ತು ಮೈಲಿ ಎಂದು ರೈಸ್ ಬರೆದಿದ್ದಾರೆ. ಇದು ಒಬ್ಬ ಹುಡುಗಿಯ ಪಶ್ಚಾತ್ತಾಪದಿಂದ ಏಳುವ ಕೆಲಸವಲ್ಲ. ನೆಲ ಬಲ್ಲವರು, ಕಲ್ಲು ಬಲ್ಲವರು, ದೊಡ್ಡ ಬೊಕ್ಕಸ ಎಲ್ಲವೂ ಬೇಕಿತ್ತು. ಕಟ್ಟಿಸಿದವರು ಯಾರೆಂದು ಮಾತ್ರ ಏರಿ ಹೇಳುವುದಿಲ್ಲ.

ದೂರದ ಒಂದು ಸಾಕ್ಷಿ ನನ್ನ ಮನಸ್ಸನ್ನು ಕರಾರಿನ ಕಡೆಗೆ ವಾಲಿಸಿತು. ಬಾದಾಮಿಯ ಬಳಿ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ (696-733) ಕಾಲದ ಶಾಸನವಿದೆ. ಅರಸನ ಪ್ರಾಣವಲ್ಲಭೆ, ಗಣಿಕೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಜೊತೆಗೆ ಹೊಲ ಕೊಟ್ಟದ್ದು ಅದರಲ್ಲಿದೆ. ಅವಳ ತಾಯಿಯ, ಅಜ್ಜಿಯ ಹೆಸರುಗಳೂ ಇವೆ. ಆ ಹೆಂಗಸರಿಗೆ ಭೂಮಿಯಿತ್ತು, ಕೊಟ್ಟದ್ದಕ್ಕೆ ಹೆಸರು ಕೆತ್ತಿಸುವ ಬಿಗುಮಾನವೂ ಇತ್ತು. ಇದರಿಂದ ನಮ್ಮ ಕೆರೆಯ ಕರಾರು ಸಿದ್ಧವಾಗದು, ಅಸಂಭವವಲ್ಲ ಎಂದಷ್ಟೇ ಆಯಿತು. ಶಾಪದ ಕಥೆಯ ಬಗ್ಗೆ ನನಗೆ ಅನುಮಾನ ಹೆಚ್ಚು. ಸೂಳೆ ಎಂಬುದು ಬೈಗುಳವಾದ ಮೇಲೆ ಹೆಸರಿಗೊಂದು ಕಾರಣ ಬೇಕಾಗಿ ಕಟ್ಟಿದಂತೆ ಅದು ಕೇಳಿಸುತ್ತದೆ.

ಈಗ ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಒಳ್ಳೆಯ ಮನಸ್ಸಿನಿಂದಲೇ ಇಟ್ಟಿರಬೇಕು. ಮಕ್ಕಳ ಮುಂದೆ ಹೇಳಲು ಮುಜುಗರವಿಲ್ಲ. ಆದರೆ ಶಾಂತವ್ವ ಆ ಹೆಸರಿನಲ್ಲಿ ಉಳಿದಳು, ನೆಲ ಕೊಟ್ಟವರು ಹೋದರು. ನಾನಂತೂ ಬಸ್ಸಿನಲ್ಲಿ ಸೂಳೆಕೆರೆಗೆ ಟಿಕೆಟು ಕೊಡಿ ಎಂದೇ ಕೇಳುತ್ತೇನೆ.