ಪೊಲೀಸರ ಪ್ರಶ್ನೆಯೂ ನಮ್ಮ ಮೌನವೂ

ಗೋಕರ್ಣದ ಓಂ ಬೀಚಿನಿಂದ ಉತ್ತರಕ್ಕೆ ಹೊರಟು ಗಂಗಾವಳಿ ನದಿ ದಾಟಿದರೆ ಅಂಕೋಲಾ ತಾಲೂಕು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಲ್ಲಿನ ಜನ ಉಪ್ಪಿನ ಕಾನೂನನ್ನು ಬಹಿರಂಗವಾಗಿಯೇ ಮುರಿದರು. ಯಾರು ಮಾಡಿದ್ದೆಂದು ಪೊಲೀಸರು ಕೇಳುವಂತೆಯೇ ಇರಲಿಲ್ಲ. 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿಯವರೂ ಆರೋಪವನ್ನು ತಾವಾಗಿಯೇ ಒಪ್ಪಿಕೊಂಡಿದ್ದರು.

1942ರಲ್ಲಿ ಮಾತು ಬೇರೆಯಾಯಿತು. ಚಳವಳಿ ಭೂಗತವಾಯಿತು. ಸಿಕ್ಕಿಬಿದ್ದವನು ಬಾಯಿಬಿಟ್ಟರೆ ಅವನಿಗೆ ಅನ್ನ ಹಾಕಿದ ಮನೆಯವರಿಗೂ ಸೆರೆಮನೆಯ ಭಯ. ಗಾಂಧೀಜಿಯವರಿಗೆ ಈ ಗುಪ್ತ ಮಾರ್ಗ ಹಿಡಿಸಲಿಲ್ಲ. 1944ರಲ್ಲಿ ಬಿಡುಗಡೆಯಾದ ಮೇಲೆ ಭೂಗತರೆಲ್ಲ ಹೊರಬರಬೇಕೆಂದರು. ಆದರೂ ಆಶ್ರಯ ಕೊಟ್ಟವರ ಹೆಸರು ಹೇಳದವನನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸು ಬಾರದು. ಸುಳ್ಳು ಹೇಳುವುದು ಬೇರೆ, ಹೇಳದೆ ಇರುವುದು ಬೇರೆ.

ಕಾನೂನು ಆರೋಪಿಗೆ ಕೊಟ್ಟಿರುವ ರಕ್ಷಣೆ ಹಳೆಯದು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಬಾರದೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು. ಠಾಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆಂದು ಬ್ರಿಟಿಷರಿಗೂ ಗೊತ್ತಿತ್ತಲ್ಲ! ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂಬುದು ನಮ್ಮ ಸಂವಿಧಾನದ 20(3)ನೆಯ ವಿಧಿ.

ಈ ರಕ್ಷಣೆ ನ್ಯಾಯಾಲಯದಲ್ಲಿ ಮಾತ್ರವೋ, ಠಾಣೆಯಲ್ಲಿಯೂ ಉಂಟೋ? 1977ರಲ್ಲಿ ಒರಿಸ್ಸಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರನ್ನು ಠಾಣೆಗೆ ಕರೆಸಿ ಲಿಖಿತ ಪ್ರಶ್ನೆಗಳನ್ನು ಕೊಡಲಾಯಿತು. ಅವರು ಉತ್ತರಿಸಲಿಲ್ಲ; ಉತ್ತರಿಸದ್ದಕ್ಕೇ ಮೊಕದ್ದಮೆ ಬಿತ್ತು. ಠಾಣೆಯಲ್ಲಿಯೂ ಉಂಟು ಎಂದು 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು. ಹೆಂಗಸನ್ನು ಠಾಣೆಗೆ ಕರೆಸಿದ್ದೇ ತಪ್ಪು, ಆಕೆಯ ಮನೆಗೆ ಹೋಗಿ ವಿಚಾರಿಸಬೇಕಿತ್ತು ಎಂದೂ ಆಕ್ಷೇಪಿಸಿದರು. ಮುಂದೆ ಬೆಂಗಳೂರಿನ ಪ್ರಯೋಗಾಲಯದಲ್ಲಿ ಮದ್ದು ಚುಚ್ಚಿ ಬಾಯಿಬಿಡಿಸುವ ಮಂಪರು ಪರೀಕ್ಷೆಗಳು ದೇಶಕ್ಕೆಲ್ಲ ಸುದ್ದಿಯಾದವು. ಒಪ್ಪಿಗೆಯಿಲ್ಲದೆ ಅವನ್ನು ಮಾಡಕೂಡದೆಂದು 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಸೆಲ್ವಿ ಪ್ರಕರಣದಲ್ಲಿ ಎದುರು ಪಕ್ಷ ಕರ್ನಾಟಕ ಸರಕಾರವೇ.

ಆದರೆ ವಿದ್ಯಾರ್ಥಿಗಳು ಒಂದು ಅಂಶವನ್ನು ಗಮನಿಸಬೇಕು. ಈ ಮೌನ ತನ್ನ ಮೇಲೆ ಆರೋಪ ಬರುವ ಪ್ರಶ್ನೆಗೆ ಮಾತ್ರ. ರಸ್ತೆಯಲ್ಲಿ ಒಬ್ಬನನ್ನು ಹೊಡೆದುರುಳಿಸಿದ್ದನ್ನು ಕಂಡವನು "ನಮಗೇಕೆ ಇಲ್ಲದ ಉಸಾಬರಿ" ಎಂದು ಬಾಯಿ ಮುಚ್ಚಿಕೊಂಡರೆ ಅದಕ್ಕೆ ಸಂವಿಧಾನದ ಆಸರೆಯಿಲ್ಲ. ಸಾಕ್ಷ್ಯವನ್ನು ಬಚ್ಚಿಡಬಾರದೆಂಬ ಆಜ್ಞೆ ಕುರ್‌ಆನಿನ ಅಲ್-ಬಕರ ಅಧ್ಯಾಯದಲ್ಲಿಯೂ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಕಟ್ಟಳೆ ಹಾಗೆಯೇ ಉಳಿದಿದೆ. ನಂದಿನಿ ಸತ್ಪತಿಯವರಿಗೂ ಅಷ್ಟೇ: ತಮ್ಮನ್ನು ಸಿಕ್ಕಿಸದ ಪ್ರಶ್ನೆಗಳಿಗೆಲ್ಲ ಉತ್ತರಿಸಬೇಕೆಂಬ ಷರತ್ತಿನ ಮೇಲೆಯೇ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಮಾಡಿತು.