ನುಣುಪಾದ ಮಿದುಳು

ಅರಕಲಗೂಡಿನ ಚಿಕ್ಕಮ್ಮನ ಮಗಳ ಕೂಸಿಗೆ ವರ್ಷ ತುಂಬಿದರೂ ಕತ್ತು ನಿಲ್ಲಲಿಲ್ಲ. ಬಸುರಿ ಗ್ರಹಣದ ದಿನ ಅಂಗಳಕ್ಕೆ ಬಂದದ್ದೇ ಕಾರಣವೆಂದು ಹೊಳೆನರಸೀಪುರದ ನೆಂಟರವರೆಗೂ ಮಾತಾಯಿತು. ಹಾಸನದಲ್ಲಿ ಸ್ಕ್ಯಾನ್ ನೋಡಿದ ವೈದ್ಯರು, ಮಿದುಳಿನ ಮೇಲೆ ಇರಬೇಕಾದ ಮಡಿಕೆಗಳಿಲ್ಲ, ನುಣುಪಾಗಿದೆ ಎಂದರು. ಲಿಸೆನ್ಸೆಫಲಿ. ಆ ಪದದ ಬೆನ್ನು ಹತ್ತಿ ನಾನು ಓದತೊಡಗಿದೆ.

ನರಕೋಶಗಳು ಬಲೆಯಂತೆ ಅಂಟಿಕೊಂಡಿಲ್ಲ, ಬಿಡಿಬಿಡಿಯಾಗಿವೆ ಎಂದು 1888ರಲ್ಲಿ ಸ್ಪೇನಿನ ಕಹಾಲ್ ತೋರಿಸಿದ, ಅದೂ ಗಾಲ್ಜಿ ಕಂಡುಹಿಡಿದ ಬಣ್ಣ ಹಾಕಿ. (1906ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಬಂದಾಗಲೂ ಗಾಲ್ಜಿ ಇದನ್ನು ಒಪ್ಪಲಿಲ್ಲ!) ಕೋಶಕ್ಕೆ ಹಿಂದು ಮುಂದು ಉಂಟು. ಕವಲುಗಳು ಸುದ್ದಿ ಕೇಳುತ್ತವೆ, ಉದ್ದನೆಯ ಒಂದೇ ಎಳೆ ಅದನ್ನು ಒಯ್ಯುತ್ತದೆ. ಆದರೆ ಎಳೆಯ ಕೋಶಕ್ಕೆ ಇದು ಮೊದಲೇ ಇರುವುದಿಲ್ಲ. 1988ರಲ್ಲಿ ಡೊಟ್ಟಿ, ಬ್ಯಾಂಕರ್ ಮತ್ತು ಸಂಗಡಿಗರು ತಟ್ಟೆಯಲ್ಲಿ ಬೆಳೆಸಿದ ಇಲಿಯ ನರಕೋಶಗಳು ಮೊದಲು ಒಂದೇ ತೆರನಾದ ಕೆಲವು ಎಳೆ ಚಾಚಿದವು. ಆಮೇಲೆ ಅದರಲ್ಲೊಂದು ಉದ್ದವಾಗಿ ಆಕ್ಸಾನ್ ಆಯಿತು.

ಕೋಶಗಳು ಹುಟ್ಟಿದಲ್ಲೇ ನಿಲ್ಲುವುದೂ ಇಲ್ಲ. 1972ರಲ್ಲಿ ಪಾಸ್ಕೊ ರಾಕಿಚ್ ಕೋತಿಯ ಭ್ರೂಣದಲ್ಲಿ ಕಂಡಂತೆ, ಅವು ಒಳಗಿನಿಂದ ಹೊರಕ್ಕೆ ಚಾಚಿದ ಎಳೆಗಳನ್ನು ಹಿಡಿದು ಏರುತ್ತವೆ. ನಮ್ಮ ಚನ್ನರಾಯಪಟ್ಟಣದ ಕಡೆ ತೆಂಗಿನಮರ ಹತ್ತುವವರನ್ನು ನೋಡಿ: ಮೊದಲು ಕೈ ಮೇಲಕ್ಕೆ, ಆಮೇಲೆ ಮೈ. ಕೋಶವೂ ಮುಂದಕ್ಕೊಂದು ಎಳೆ ಚಾಚಿ, ಆಮೇಲೆ ಕೋಶಕೇಂದ್ರವನ್ನು ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಬೇಕಾದ ಲಿಸ್1 ವಂಶವಾಹಿಯನ್ನು 1993ರಲ್ಲಿ ಗುರುತಿಸಿದರು. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಕೋಶಗಳು ಅರ್ಧ ದಾರಿಯಲ್ಲೇ ಉಳಿಯುತ್ತವೆ.

ಕೂಸಿನಲ್ಲಿ ಕೆಟ್ಟಿದ್ದು ಅದೇ. ಅಪ್ಪ ಅಮ್ಮ ಇಬ್ಬರಲ್ಲೂ ಅದು ಸರಿಯಾಗಿದೆ. ಹೆಚ್ಚಿನ ಮಕ್ಕಳಲ್ಲಿ ಈ ದೋಷ ಹೀಗೆ ಹೊಸದಾಗಿಯೇ ಮೂಡುತ್ತದೆ. ತಂಗಿಗೆ ಎಲ್ಲ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡಳು.

"ಇದನ್ನ ನಮ್ಮತ್ತೆಗೂ ಒಂದ್ಸಲ ಹೇಳ್ತೀಯಾ ಅಣ್ಣ?" ಎಂದಳು.