ಗೇಟಿನಾಚೆಯ ಎಂಜಿನಿಯರ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯ ಶುರುವಾದದ್ದು 1911ರಲ್ಲಿ. ಬಹುಕಾಲ ಅದರ ರೀತಿ ಒಂದೇ: ಪುಸ್ತಕ ಇಲ್ಲಿದೆ, ಓದುಗ ಬರಲಿ. 1962ರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಇದೇ ಊರಿನಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದಾಗ ಪುಸ್ತಕ-ಓದುಗರ ಆ ನಂಟು ತಿರುವುಮುರುವಾಗತೊಡಗಿತ್ತು. ಓದುಗನಿಗೆ ಬೇಕಾದ್ದನ್ನು ಹುಡುಕಿ ಮುಟ್ಟಿಸುವುದೂ ಗ್ರಂಥಪಾಲಕರ ಕಸುಬಾಯಿತು. 1980ರ ದಶಕದಲ್ಲಿ ಸಂಸ್ಥೆಯ ಆವರಣದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರ, ಸಂಶೋಧಕರ ಆಸಕ್ತಿಯ ವಿಷಯಗಳನ್ನು ಕಂಪ್ಯೂಟರಿಗೆ ಉಣಿಸಿ, ಹೊಸ ಲೇಖನಗಳ ಪಟ್ಟಿಯನ್ನು ಕಳಿಸಿಕೊಡುತ್ತಿತ್ತು. ಎಂಜಿನಿಯರನ ಬದುಕಿಡೀ ನಡೆಯುವ ಕಲಿಕೆಗೆ ತಂತ್ರಜ್ಞಾನ ಕೊಟ್ಟ ದೊಡ್ಡ ನೆರವು ವೇಗವಲ್ಲ, ಈ ತಿರುವು ಎಂಬುದು ನನ್ನ ವಾದ.

ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಗ್ರಂಥಪಾಲಕರೇಕೆ ಎನ್ನುವವರಿದ್ದಾರೆ. ಸಿಗುವುದು ಶೀರ್ಷಿಕೆ, ಸಾರಾಂಶ. ಪೂರ್ಣ ಪ್ರಬಂಧಕ್ಕೆ ಅನೇಕ ಸಲ ಡಾಲರುಗಳಲ್ಲಿ ಬೆಲೆ ತೆರಬೇಕು. 2003ರ ಇಂಡೆಸ್ಟ್ ಒಕ್ಕೂಟ ನಿಯತಕಾಲಿಕೆಗಳನ್ನು ಒಟ್ಟಾಗಿ ಕೊಂಡು ತಾಂತ್ರಿಕ ವಿದ್ಯಾಸಂಸ್ಥೆಗಳಿಗೆ ಒದಗಿಸಿತು, ನಿಜ. ಆದರೆ ಇಂಥ ಚಂದಾ ಸಂಸ್ಥೆಯದು. ಪದವಿ ಕೈಗೆ ಬಂದು ಗೇಟು ದಾಟಿದರೆ ಬಾಗಿಲು ಮುಚ್ಚಿತು, ಕಲಿಕೆ ಮುಂದುವರಿಯಬೇಕಾದ ಹೊತ್ತಿಗೇ! ಹಾಗಾಗಿ, 2002ರಲ್ಲಿ ವಿಜ್ಞಾನ ಸಂಸ್ಥೆ ತನ್ನವರ ಪ್ರಬಂಧಗಳಿಗಾಗಿ ತೆರೆದ ಇ-ಪ್ರಿಂಟ್ಸ್ ಭಂಡಾರವೇ ನನಗೆ ಹೆಚ್ಚು ಮುಖ್ಯ. ಅಲ್ಲಿ ಎಲ್ಲವೂ ಮುಕ್ತವಲ್ಲ. ಮುಕ್ತವಾಗಿರುವುದನ್ನು ಓದಲು ಮಾತ್ರ ಗುರುತಿನ ಚೀಟಿ ಬೇಕಿಲ್ಲ. 2025ರಲ್ಲಿ ಜಾರಿಯಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯೂ ಮೊದಲು ಒಳಗೊಂಡದ್ದು ಸರ್ಕಾರಿ ಸಂಸ್ಥೆಗಳನ್ನು. ಪೀಣ್ಯದ ಸಣ್ಣ ಕಾರ್ಖಾನೆಯ ಎಂಜಿನಿಯರ್ ಇನ್ನೂ ಗೇಟಿನಾಚೆಯೇ ಇದ್ದಾನೆ.